ಬಟ್ಟೆ ತೊಟ್ಟ ತಂತಿಗಳು

ಹಳೆಯ ಕಾರೊಂದು ಬೀದಿಯಲ್ಲಿ ನಿಂತಿತೆಂದರೆ ಸುತ್ತ ನಾಲ್ಕು ಜನ ಸೇರುತ್ತಾರೆ. ಒಬ್ಬರು ಅದರ ಬಣ್ಣವನ್ನು ಹೊಗಳುತ್ತಾರೆ, ಇನ್ನೊಬ್ಬರು ಬಂಪರಿನ ಹೊಳಪನ್ನು. ಸ್ವಲ್ಪ ತಿಳಿದವರಾದರೆ ಬಾನೆಟ್ ಎತ್ತಿಸಿ ಎಂಜಿನನ್ನು ನೋಡಿ ತಲೆದೂಗುತ್ತಾರೆ. ಆದರೆ ಆ ಎಂಜಿನಿನ ಪಕ್ಕದಲ್ಲಿ, ತಗಡಿನ ಮರೆಯಲ್ಲಿ ಹರಿದುಹೋಗಿರುವ ತಂತಿಗಳ ಕಟ್ಟನ್ನು ಬಗ್ಗಿ ನೋಡುವವರು ಅಪರೂಪ. ನಾವೂ ನೋಡಿದವರಲ್ಲ. ಕಳೆದ ವರ್ಷ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮನೆಯಲ್ಲಿ ಹತ್ತು ಭಾನುವಾರಗಳನ್ನು ಕಳೆದ ಮೇಲೆ ನಮಗೆ ಆ ಕಟ್ಟಿನ ಬೆಲೆ ತಿಳಿಯಿತು. ತಿಳಿದುದನ್ನು ವಾಚಕರೊಡನೆ ಹಂಚಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಆ ಹಿರಿಯರಿಗೆ ತಮ್ಮ ಹೆಸರು ಅಚ್ಚಾಗುವುದು ಇಷ್ಟವಿಲ್ಲ. ಆದುದರಿಂದ ಅವರನ್ನು ರಾಯರು ಎಂದಷ್ಟೇ ಕರೆಯೋಣ. ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಅವರ ತಂದೆಯವರು ಬಿಟ್ಟುಹೋದ 1951ರ ಮಾರಿಸ್ ಮೈನರ್ ಕಾರು ಅವರ ಬಳಿ ಇದೆ. ಮಾರಿಸ್ ಮೈನರ್ ಸಾಮಾನ್ಯ ಗಾಡಿಯಲ್ಲ. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ರೂಪಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿತ್ತು. ಬ್ರಿಟನ್ನಿನಲ್ಲಿ ತಯಾರಾಗಿ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಮೊಟ್ಟಮೊದಲ ಕಾರು ಇದೇ. ನಮ್ಮ ದೇಶದಲ್ಲಿ ಹಿಂದೂಸ್ಥಾನ್ ಮೋಟಾರ್ಸ್‌ನವರು 1950ರ ದಶಕದ ಆರಂಭದಲ್ಲಿ ಇದನ್ನೇ 'ಬೇಬಿ ಹಿಂದೂಸ್ಥಾನ್' ಎಂಬ ಮುದ್ದಿನ ಹೆಸರಿನಿಂದ ಮಾರಿದರು.

ಎರಡು ವರ್ಷಗಳ ಹಿಂದೆ ಗಣೇಶೋತ್ಸವದ ಒಂದು ಸಂಜೆ ರಾಯರು ಮೊಮ್ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಣಪತಿಯನ್ನು ನೋಡಿ ಮನೆಗೆ ಮರಳುತ್ತಿದ್ದರು. ಸಣ್ಣಗೆ ಮಳೆ. ದೀಪ ಹಾಕಿದ್ದರು. ಇದ್ದಕ್ಕಿದ್ದಂತೆ ದೀಪಗಳು ಮಂಕಾದವು, ಡ್ಯಾಷ್‌ಬೋರ್ಡಿನ ಕೆಳಗಿನಿಂದ ರಬ್ಬರು ಸುಟ್ಟ ವಾಸನೆ ಬಂತು, ಹಿಂದೆಯೇ ಹೊಗೆ. ರಾಯರು ಗಾಡಿ ನಿಲ್ಲಿಸಿ, ಮಗುವನ್ನು ಕೆಳಗಿಳಿಸಿ, ಬಾನೆಟ್ ಎತ್ತಿ ಬ್ಯಾಟರಿಯ ತಂತಿಯನ್ನು ಕಿತ್ತುಹಾಕಿದರು. ಹೊಗೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಅವರ ಮನೆಯಾಕೆ ಹೇಳಿದ ಮಾತು ಒಂದೇ: "ಗಾಡಿ ಮಾರಿ ಅಂತ ನಾನು ಹೇಳೋದಿಲ್ಲ. ಮಾವನವರ ಗಾಡಿ, ಇರಲಿ. ಆದರೆ ಇದು ಸರಿಹೋಗುವ ತನಕ ಮಗು ಇದರಲ್ಲಿ ಕೂರಕೂಡದು."

ಮಾತು ನ್ಯಾಯವಾಗಿತ್ತು. ರಾಯರು ಒಪ್ಪಿದರು.

ಏಳು ಕೆಂಪು ತಂತಿಗಳು

ಮರುದಿನ ಪರಿಚಯದ ಮಿಸ್ತ್ರಿಯೊಬ್ಬ ಬಂದ. ಡ್ಯಾಷ್‌ಬೋರ್ಡನ್ನು ಬಿಚ್ಚಿ ನೋಡಿದರೆ ಒಳಗೆ ಎರಡು ತಲೆಮಾರಿನ ಕೆಲಸ ಒಟ್ಟಿಗೆ ಕಂಡಿತು. ಒಂದು, ಕಾರ್ಖಾನೆಯಲ್ಲಿ ಹಾಕಿದ ಹಳೆಯ ತಂತಿಗಳು. ಹತ್ತಿಯ ನೂಲಿನ ಹೊದಿಕೆಯವು. ಎಣ್ಣೆ, ಧೂಳು, ಶಾಖ ತಿಂದು ಎಲ್ಲವೂ ಇಲಿಯ ಬಣ್ಣಕ್ಕೆ ತಿರುಗಿದ್ದವು. ಇನ್ನೊಂದು, ಹಿಂದೆ ಯಾವಾಗಲೋ ಯಾರೋ ದುರಸ್ತಿ ಮಾಡುವಾಗ ಎಳೆದ ಪ್ಲಾಸ್ಟಿಕ್ ತಂತಿಗಳು. ಇವು ಏಳು. ಏಳೂ ಕೆಂಪು. ಅಂದು ಆ ಪುಣ್ಯಾತ್ಮನ ಕೈಯಲ್ಲಿದ್ದುದು ಕೆಂಪು ತಂತಿಯ ಒಂದೇ ಸುರುಳಿ ಇರಬೇಕು. ಯಾವುದು ಹಾರ್ನಿಗೆ, ಯಾವುದು ದೀಪಕ್ಕೆ ಎಂದು ನೋಡಿ ಹೇಳುವಂತಿರಲಿಲ್ಲ. ಒಂದೊಂದನ್ನಾಗಿ ಕಿತ್ತು, ಏನು ನಿಂತುಹೋಯಿತೆಂದು ನೋಡಿ, ಮತ್ತೆ ಸಿಕ್ಕಿಸಿ ತಿಳಿಯಬೇಕಾಯಿತು. ಹೊಗೆ ಬಂದ ಜಾಗವನ್ನು ಹುಡುಕಲು ಅರ್ಧ ದಿನ ಹಿಡಿಯಿತು.

ಕೊನೆಗೆ ಸಿಕ್ಕಿದ್ದು ಒಂದು ಹಳೆಯ ತಂತಿ. ಅದರ ಒಳಗಿನ ರಬ್ಬರು ಒಣಗಿ ಚಕ್ಕುಲಿಯಂತೆ ಪುಡಿಯಾಗಿತ್ತು; ಮೇಲಿನ ನೂಲು ಸವೆದಿತ್ತು; ಬರಿಯ ತಾಮ್ರ ಕಾರಿನ ತಗಡನ್ನು ಮುಟ್ಟಿತ್ತು.

"ಎಲ್ಲ ಕಿತ್ತುಹಾಕೋಣ ಸಾಹೇಬ್, ಹೊಸ ವೈರ್ ಎಳೀತೀನಿ, ಎರಡು ದಿನದ ಕೆಲಸ" ಎಂದ ಮಿಸ್ತ್ರಿ. ಅವನನ್ನು ನಾವು ಹಳಿಯುವುದಿಲ್ಲ. ಅವನ ಹೊಟ್ಟೆಪಾಡಿಗೆ ಅದು ಸರಿಯಾದ ಸಲಹೆಯೇ. ಆದರೆ ರಾಯರ ಕಣ್ಣು ಆ ಏಳು ಕೆಂಪು ತಂತಿಗಳ ಮೇಲೆಯೇ ಇತ್ತು. "ಇನ್ನು ಇಪ್ಪತ್ತು ವರ್ಷಕ್ಕೆ ಇದನ್ನು ಬಿಚ್ಚುವವನು ನಮ್ಮನ್ನು ಏನೆಂದು ಬೈಯಬಹುದು?" ಎಂದು ನಮ್ಮನ್ನು ಕೇಳಿದರು. ಅಲ್ಲಿಂದ ಕೆಲಸ ಶುರುವಾಯಿತು.

ತಂತಿಗೇಕೆ ಬಟ್ಟೆ?

ಮನೆಯ ವಿದ್ಯುಚ್ಛಕ್ತಿಗೂ ಕಾರಿನದಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಮನೆಯಲ್ಲಿ 230 ವೋಲ್ಟು. ಈ ಕಾರಿನಲ್ಲಿ 12 ವೋಲ್ಟು. ಆ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿದ್ದ 42 ವಾಟಿನ ಎರಡು ಮುಂದೀಪಗಳಿಗೆ ಒಟ್ಟು 84 ವಾಟು ಬೇಕು. ಮನೆಯಲ್ಲಾದರೆ ಅಷ್ಟಕ್ಕೆ ಅರ್ಧ ಆಂಪಿಯರೂ ಬೇಡ. ಕಾರಿನಲ್ಲಿ 7 ಆಂಪಿಯರ್ ಹರಿಯಬೇಕು. ಒತ್ತಡ ಕಡಮೆಯಾದಷ್ಟೂ ಪ್ರವಾಹ ಹೆಚ್ಚು. ಪ್ರವಾಹ ಹೆಚ್ಚಾದಷ್ಟೂ ತಂತಿ ದಪ್ಪ. ಮುಟ್ಟಿದರೆ ಜುಮ್ಮೆನ್ನದ ಕಾರಿನ ಬ್ಯಾಟರಿ ಗಾಡಿಯನ್ನೇ ಸುಡಬಲ್ಲುದು ಎಂಬುದರ ಗುಟ್ಟು ಇದೇ.

ಇನ್ನೊಂದು ವಿಶೇಷ: ಕಾರಿನಲ್ಲಿ ವಿದ್ಯುತ್ತು ಹೋಗುವುದಕ್ಕೆ ತಂತಿಯುಂಟು, ಮರಳುವುದಕ್ಕೆ ಬಹುಮಟ್ಟಿಗೆ ಗಾಡಿಯ ಉಕ್ಕಿನ ಮೈಯೇ ದಾರಿ. ಇದನ್ನು ಅರ್ತ್ ಎನ್ನುತ್ತಾರೆ. ಇದರಿಂದ ತಂತಿ ಉಳಿಯುತ್ತದೆ, ನಿಜ. ಆದರೆ ಬರಿಯ ತಾಮ್ರ ಎಲ್ಲಿ ಮೈಯನ್ನು ಮುಟ್ಟಿದರೂ ಅಲ್ಲಿಯೇ ಅಡ್ಡದಾರಿ ತೆರೆದುಕೊಳ್ಳುತ್ತದೆ. ಇಂದಿನ ಕಾರುಗಳಲ್ಲಿ ಇಂಥದನ್ನು ತಡೆಯಲು ಹತ್ತಾರು ಫ್ಯೂಸುಗಳಿರುತ್ತವೆ. ರಾಯರ ಕಾರಿನಲ್ಲಿ ಇದ್ದುದು ಎರಡೇ. ಮುಂದೀಪಗಳಿಗೂ ಬ್ಯಾಟರಿಯಿಂದ ಬರುವ ಮುಖ್ಯ ತಂತಿಗೂ ಫ್ಯೂಸಿನ ಕಾವಲಿರಲಿಲ್ಲ. ತಂತಿಯ ಹೊದಿಕೆಯೊಂದೇ ಕಾವಲು.

ಆ ಹೊದಿಕೆ ಮೂರು ಪದರದ್ದು. ತಾಮ್ರದ ಎಳೆಗಳ ಮೇಲೆ ರಬ್ಬರು. ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ಕೆಡಿಸುತ್ತದೆಂದು ತಾಮ್ರಕ್ಕೆ ಮೊದಲೇ ತವರದ ಕಲಾಯಿ ಮಾಡುತ್ತಿದ್ದರು. ನಮ್ಮ ಅಜ್ಜಿಯಂದಿರು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಹಾಗೆ. ವಿದ್ಯುತ್ತನ್ನು ತಡೆಯುವುದು ಈ ರಬ್ಬರಿನ ಕೆಲಸ. ರಬ್ಬರು ಮೆತ್ತಗೆ, ಉಜ್ಜಿದರೆ ಸವೆಯುತ್ತದೆ. ಆದುದರಿಂದ ಅದರ ಮೇಲೆ ಹತ್ತಿಯ ನೂಲಿನಿಂದ ಹೆಣೆದ ತೋಳು. ನೂಲು ನೀರು ಕುಡಿಯಬಾರದೆಂದು, ತುದಿ ಬಿಚ್ಚಿಕೊಳ್ಳಬಾರದೆಂದು ಅದರ ಮೇಲೆ ಲ್ಯಾಕರಿನ ಲೇಪ. ಹೀಗೆ ಸಿದ್ಧವಾದ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹೋಗುವವುಗಳನ್ನು ಒಟ್ಟುಗೂಡಿಸಿ, ಎಲ್ಲದರ ಮೇಲೂ ಮತ್ತೊಂದು ನೂಲಿನ ಹೆಣಿಗೆ. ಈ ಇಡೀ ಕಟ್ಟಿಗೆ ಹಾರ್ನೆಸ್ ಎಂದು ಹೆಸರು. ಕುದುರೆಯ ಸಜ್ಜಿಗೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಇದು. ಬ್ರಿಟನ್ನಿನವರು ಇದನ್ನು ಲೂಮ್ ಎಂದೂ ಕರೆಯುತ್ತಾರೆ. ಲೂಮ್ ಎಂದರೆ ಮಗ್ಗ. ನೂಲಿನ ನಂಟು ಹೆಸರಿನಲ್ಲಿಯೇ ಉಳಿದುಬಂದಿದೆ.

ಅಮೆರಿಕದಲ್ಲಿಯೂ ಇದೇ ಪದ್ಧತಿಯಿತ್ತು. ಒಹಾಯೊ ರಾಜ್ಯದ ವಾರನ್ ಎಂಬ ಊರಿನಲ್ಲಿ ಪ್ಯಾಕರ್ಡ್ ಸಹೋದರರು 1890ರಲ್ಲಿ ಆರಂಭಿಸಿದ ವಿದ್ಯುತ್ ಕಂಪನಿಯೊಂದು ಮುಂದೆ ಕಾರಿನ ತಂತಿಗಳಿಗೆ ಹೆಸರಾಯಿತು. 1932ರಲ್ಲಿ ಜನರಲ್ ಮೋಟಾರ್ಸ್ ಅದನ್ನು ಕೊಂಡುಕೊಂಡಿತು. ಎರಡನೆಯ ಮಹಾಯುದ್ಧದ ಅನಂತರ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಬಳಕೆಗೆ ಬಂದ ಮೇಲೆ ಮೊದಲು ರಬ್ಬರು ಹೋಯಿತು. ಸ್ವಲ್ಪ ಕಾಲ ಪ್ಲಾಸ್ಟಿಕ್ ತಂತಿಗಳ ಮೇಲೆಯೇ ನೂಲಿನ ಹೆಣಿಗೆ ಉಳಿದಿತ್ತು. ಕೊನೆಗೆ ನೂಲೂ ಹೋಯಿತು.

ಬಣ್ಣಗಳ ಬರವಣಿಗೆ

ನೂಲಿಗೆ ಇನ್ನೂ ಒಂದು ಕೆಲಸವಿತ್ತು. ಅದನ್ನು ಬಣ್ಣದಲ್ಲಿ ಅದ್ದಬಹುದು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬಹುಪಾಲಿನ ವಿದ್ಯುತ್ ಸಾಮಗ್ರಿ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಸ್ ಕಂಪನಿಯದು. ಹಳೆಯ ಕಾರಿನವರು ಈ ಕಂಪನಿಯನ್ನು ತಮಾಷೆಗೆ 'ಕತ್ತಲೆಯ ರಾಜಕುಮಾರ' ಎನ್ನುವುದುಂಟು. ಆದರೆ ಎಪ್ಪತ್ತು ವರ್ಷ ಮಳೆ ಬಿಸಿಲು ಕಂಡ ಅರ್ತ್ ಜೋಡಣೆ ತುಕ್ಕು ಹಿಡಿದರೆ ಅದು ತಯಾರಕರ ತಪ್ಪಲ್ಲ. ಈ ಕಂಪನಿ ಪಾಲಿಸಿದ ಬಣ್ಣಗಳ ಕ್ರಮವನ್ನು ಕಂಡರೆ ಯಾರಾದರೂ ಮೆಚ್ಚಬೇಕು.

ಕ್ರಮ ಹೀಗಿದೆ: ಕಂದು ತಂತಿ ಬ್ಯಾಟರಿಯಿಂದ ನೇರವಾಗಿ ಬರುವುದು, ಸದಾ ಜೀವಂತ. ಬಿಳಿ ತಂತಿ ಇಗ್ನಿಷನ್ ಬೀಗ ತಿರುಗಿಸಿದಾಗ ಮಾತ್ರ ಜೀವ ಪಡೆಯುವುದು. ಆ ಬಿಳಿಯೇ ಫ್ಯೂಸನ್ನು ದಾಟಿದ ಮೇಲೆ ಹಸಿರಾಗುವುದು. ನೀಲಿ ಮುಂದೀಪಗಳಿಗೆ. ಕೆಂಪು ಪಕ್ಕದ ಮತ್ತು ಹಿಂದಿನ ಸಣ್ಣ ದೀಪಗಳಿಗೆ. ಹಳದಿ ಡೈನಮೋಗೆ. ಕಪ್ಪು ಅರ್ತಿಗೆ. ಇವು ಕುಲದ ಹೆಸರುಗಳಿದ್ದಂತೆ. ಒಂದೇ ಕುಲದ ಬೇರೆ ಬೇರೆ ತಂತಿಗಳನ್ನು ಗುರುತಿಸಲು ಮೂಲಬಣ್ಣದ ಹೆಣಿಗೆಯಲ್ಲಿ ಇನ್ನೊಂದು ಬಣ್ಣದ ಎಳೆಯನ್ನು ಸೇರಿಸುತ್ತಿದ್ದರು. ನೀಲಿಯಲ್ಲಿ ಬಿಳಿಯ ಎಳೆ ಇದ್ದರೆ ದೂರಕ್ಕೆ ಬೀಳುವ ಬೆಳಕು. ನೀಲಿಯಲ್ಲಿ ಕೆಂಪಿನ ಎಳೆ ಇದ್ದರೆ ತಗ್ಗಿಸಿದ ಬೆಳಕು. ಬಿಳಿಯಲ್ಲಿ ಕಪ್ಪಿನ ಎಳೆ ಇಗ್ನಿಷನ್ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವುದು.

ಇದು ಬರಿಯ ಅಲಂಕಾರವಲ್ಲ, ಒಂದು ಬರವಣಿಗೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಮಾಡುವ ನಮಗೆ ಇದು ಬೇಗ ಅರ್ಥವಾಯಿತು. ಕಡತದಲ್ಲಿ ಪುಟಸಂಖ್ಯೆ ಹಾಕಿ, ಟಿಪ್ಪಣಿಯನ್ನು ಒಂದು ಕಡೆ, ಪತ್ರವ್ಯವಹಾರವನ್ನು ಇನ್ನೊಂದು ಕಡೆ ಇಡುವುದು ನಮ್ಮ ಅನುಕೂಲಕ್ಕಲ್ಲ. ನಮಗೆ ವರ್ಗವಾದ ಮೇಲೆ ಆ ಕುರ್ಚಿಗೆ ಬರುವವನು ನಮ್ಮನ್ನು ಕೇಳದೆಯೇ ವಿಷಯ ತಿಳಿಯಬೇಕು. ಏಳು ಕೆಂಪು ತಂತಿ ಎಳೆದವನು ಪುಟಸಂಖ್ಯೆಯಿಲ್ಲದ ಕಡತ ಕಟ್ಟಿದವನಂತೆ. ಅವನ ಕೆಲಸ ಆ ದಿನಕ್ಕೆ ನಡೆಯಿತು. ಅದನ್ನು ಓದಬಲ್ಲವನು ಅವನೊಬ್ಬನೇ ಆಗಿದ್ದ.

ಬಿಚ್ಚಿದ್ದು, ಅಳೆದದ್ದು

ಹಳೆಯ ಹಾರ್ನೆಸ್ಸನ್ನು ತೆಗೆಯುವಾಗ ಮೊದಲ ನಿಯಮ, ಬ್ಯಾಟರಿಯನ್ನು ಬೇರ್ಪಡಿಸುವುದು. ಎರಡನೆಯ ನಿಯಮ, ಕತ್ತರಿ ಮುಟ್ಟದಿರುವುದು. ಹಾಳಾದದ್ದಲ್ಲವೇ ಎಂದು ಕತ್ತರಿಸಿ ಎಳೆದರೆ ಅಳತೆಯ ಮಾದರಿಯೇ ಹೋಯಿತು. ರಾಯರು ಪ್ರತಿಯೊಂದು ತುದಿಯನ್ನೂ ಬಿಚ್ಚುವ ಮೊದಲು ಚಿತ್ರ ತೆಗೆದರು. ಅದಕ್ಕೆ ಅಂಕಿ ಬರೆದ ಚೀಟಿ ಕಟ್ಟಿದರು. ಯಾವ ಚೀಟಿ ಯಾವ ತಿರುಪಿಗೆ ಎಂಬುದನ್ನು ನಾವು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆವು. ಒಟ್ಟು 62 ಚೀಟಿ. ನಮ್ಮ ಕೈಬರಹ ಕಚೇರಿಯ ಹೊರಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಹೊರತೆಗೆದ ಕಟ್ಟನ್ನು ಒಂದು ದೊಡ್ಡ ಹಲಗೆಯ ಮೇಲೆ ಚಾಚಿ, ಪ್ರತಿ ಕವಲಿನಲ್ಲಿ, ಪ್ರತಿ ತುದಿಯಲ್ಲಿ ಮೊಳೆ ಹೊಡೆದೆವು. ಹೊಸ ತಂತಿಗಳನ್ನು ಇದೇ ಮೊಳೆಗಳ ನಡುವೆ ಎಳೆದರೆ ಉದ್ದ ತಪ್ಪುವುದಿಲ್ಲ. ಎರಡು ಬೆರಳು ಗಿಡ್ಡವಾದ ತಂತಿ ಜೋಡಣೆಯನ್ನು ಜಗ್ಗುತ್ತದೆ. ಉದ್ದವಾದದ್ದು ಜೋತುಬಿದ್ದು ಬಿಸಿ ಕೊಳವೆಯನ್ನು ಮುಟ್ಟುತ್ತದೆ.

ಬಣ್ಣಗಳನ್ನು ಗುರುತಿಸುವುದು ಇನ್ನೂ ಕಷ್ಟ. ಮೇಲೆ ನೋಡಿದರೆ ಎಲ್ಲವೂ ಒಂದೇ ಮಾಸಲು. ಆದರೆ ತಗಡಿನ ಕ್ಲಿಪ್ಪುಗಳ ಕೆಳಗೆ, ಹೊರಹೆಣಿಗೆಯ ಒಳಗೆ, ಬೆಳಕೂ ಎಣ್ಣೆಯೂ ತಾಗದ ಕಡೆ ಮೂಲಬಣ್ಣ ಹಾಗೆಯೇ ಇತ್ತು. ಹೊರಗಿನ ಹೆಣಿಗೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಗಿನಿಂದ ನೀಲಿ, ಹಸಿರು, ಕಂದು, ಹಳದಿ ಎಲ್ಲ ನಿನ್ನೆ ಅದ್ದಿದಂತೆ ಹೊರಬಂದವು. ರಾಯರ ಮನೆಯಾಕೆ ಕಾಫಿ ತಂದವರು ಲೋಟ ಹಿಡಿದುಕೊಂಡೇ ನಿಂತು ನೋಡಿದರು.

ತಂತಿಯ ದಪ್ಪವನ್ನು ಅಳೆಯಲು ಎಳೆಗಳನ್ನು ಎಣಿಸಬೇಕು. ಆ ಕಾಲದ ಬ್ರಿಟಿಷ್ ತಂತಿಗಳಿಗೆ ಎಳೆಯ ಲೆಕ್ಕದಲ್ಲಿಯೇ ಹೆಸರು. 14/.012 ಎಂದರೆ ಅಂಗುಲದ ಸಾವಿರದಲ್ಲಿ ಹನ್ನೆರಡು ಭಾಗ ದಪ್ಪದ 14 ಎಳೆಗಳು. ಇಂದಿನ ಲೆಕ್ಕದಲ್ಲಿ ಇದು ಸುಮಾರು 1 ಚದರ ಮಿಲಿಮೀಟರ್. 28 ಎಳೆಯದು 2 ಚದರ ಮಿಲಿಮೀಟರ್, 44 ಎಳೆಯದು 3. ಸಣ್ಣ ದೀಪಗಳಿಗೆ ಮೊದಲನೆಯದು ಸಾಕು. ಹೆಚ್ಚು ಹೊರೆ ಹೊರುವ ಮುಖ್ಯ ತಂತಿಗೆ ದಪ್ಪನೆಯದೇ ಬೇಕು. ಇಲ್ಲಿ ಕಾಸು ಉಳಿಸಲು ಹೋಗಿ ಸಣ್ಣ ತಂತಿ ಹಾಕಿದರೆ ಅದೇ ಬಿಸಿಯಾಗಿ ಸುಡುತ್ತದೆ.

ಯಂತ್ರದ ಜಡೆ ಕೋಲಾಟ

ಮಾರಿಸ್ ಮೈನರಿಗೆ ನೂಲಿನ ಹೆಣಿಗೆಯ ಹಾರ್ನೆಸ್ಸನ್ನು ಸಿದ್ಧವಾಗಿ ಮಾಡಿ ಮಾರುವವರು ಬ್ರಿಟನ್ನಿನಲ್ಲಿ ಇದ್ದಾರೆ. ರಾಯರು ಮೊದಲು ಅದನ್ನೇ ತರಿಸಲು ಎಣಿಸಿದ್ದರು. ಬೆಲೆ, ಸಾಗಾಣಿಕೆ, ಸುಂಕ ಮೂರನ್ನೂ ಕೂಡಿಸಿದ ಮೇಲೆ ಕಾಗದವನ್ನು ಮಡಿಸಿಟ್ಟರು. ದಾರಿ ತೋರಿಸಿದವನು ಆ ಮಿಸ್ತ್ರಿಯೇ. ಅವನ ಮನೆಯ ಹಿಂದಿನ ಗಲ್ಲಿಯಲ್ಲಿ ಪೈಜಾಮದ ಲಾಡಿ, ಬೂಟಿನ ದಾರ, ಪರದೆಯ ಹಗ್ಗ ಹೆಣೆಯುವ ಸಣ್ಣ ಕಾರ್ಖಾನೆಯೊಂದಿತ್ತು. "ಅದೂ ನೂಲಿನ ಕೊಳವೆಯೇ ಅಲ್ಲವೇ ಸಾಹೇಬ್?" ಎಂದ. ಹೋಗಿ ನೋಡಿದೆವು. ಅವನ ಮಾತು ಅಕ್ಷರಶಃ ನಿಜ.

ಈ ಯಂತ್ರವನ್ನು ವಾಚಕರಿಗೆ ವಿವರಿಸುವುದು ಸುಲಭ. ನಮ್ಮ ಕಡೆಯ ಜಡೆ ಕೋಲಾಟವನ್ನು ಅನೇಕರು ನೋಡಿರಬಹುದು. ನಡುವೆ ಮೇಲಿನಿಂದ ಬಣ್ಣದ ಹಗ್ಗಗಳು ಇಳಿಬಿದ್ದಿರುತ್ತವೆ. ಒಂದೊಂದು ಹಗ್ಗವನ್ನು ಒಬ್ಬೊಬ್ಬರು ಹಿಡಿದು, ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ, ಎದುರು ಬಂದವರನ್ನು ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ ದಾಟುತ್ತ ಕುಣಿದರೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಯಂತ್ರ ಮಾಡುವುದೂ ಇದನ್ನೇ. ಕುಣಿಯುವವರ ಬದಲು ನೂಲಿನ ಉರುಳೆಗಳು. ಅಂಗಳದ ಬದಲು ಅಂಕುಡೊಂಕಿನ ಹಳಿ. ಇಂಗ್ಲಿಷಿನವರು ತಮ್ಮ ದೇಶದ ಇಂಥದೇ ಕುಣಿತವನ್ನು ನೆನೆದು ಇದನ್ನು ಮೇಪೋಲ್ ಯಂತ್ರ ಎನ್ನುತ್ತಾರೆ. ನಡುವಿನ ತೂತಿನಿಂದ ತಂತಿ ಮೇಲಕ್ಕೆ ಏರುತ್ತದೆ. ಸುತ್ತ ನೂಲಿನ ಅಂಗಿ ಹೆಣೆದುಕೊಳ್ಳುತ್ತ ಹೋಗುತ್ತದೆ.

ಮೊದಲು ಒಂಟಿ ತಂತಿಗಳ ಸರದಿ. ಯಂತ್ರದಲ್ಲಿ 16 ಉರುಳೆ. ನೀಲಿ ತಂತಿಯಲ್ಲಿ ಕೆಂಪಿನ ಗುರುತು ಬೇಕಾದರೆ 14 ಉರುಳೆಗಳಿಗೆ ನೀಲಿ ನೂಲು, ಎರಡಕ್ಕೆ ಕೆಂಪು. ಕೆಂಪು ಎಳೆ ಬಳ್ಳಿಯಂತೆ ಸುತ್ತುತ್ತ ಮೇಲಕ್ಕೆ ಹೋಗುತ್ತದೆ. ಹೆಣೆದ ಮೇಲೆ ತಿಳಿಯಾದ ಲ್ಯಾಕರ್ ಹಚ್ಚಿ ಒಣಗಿಸಿದೆವು. ಆಮೇಲೆ ತಂತಿಗಳನ್ನು ಹಲಗೆಯ ಮೇಲೆ ಅಳೆದು, ಕಟ್ಟಿ, ದೊಡ್ಡ ಯಂತ್ರದಲ್ಲಿ ಕಪ್ಪು ನೂಲಿನ ಹೊರಹೆಣಿಗೆ. ಕವಲು ಬಂದ ಕಡೆ ಯಂತ್ರ ನಿಲ್ಲಿಸಿ, ಕವಲಿನ ತಂತಿಗಳನ್ನು ನೂಲುಗಳ ಸಂದಿನಿಂದ ಹೊರಕ್ಕೆಳೆದು, ಉಳಿದವನ್ನು ಮುಂದುವರಿಸಬೇಕು. ಕಾರ್ಖಾನೆಯ ಯಜಮಾನನಿಗೆ ಈ ನಿಲ್ಲಿಸುವ ಕೆಲಸ ಮೊದಲು ಹಿಡಿಸಲಿಲ್ಲ. ಲಾಡಿಗೆ ಕವಲು ಎಲ್ಲಿಯದು? ಮೂರನೆಯ ಭಾನುವಾರದ ಹೊತ್ತಿಗೆ ಅವನೇ "ಇಲ್ಲಿ ಒಂದು ಕೊಂಬೆ ಬರಬೇಕಲ್ಲ" ಎಂದು ನಮಗೆ ಜ್ಞಾಪಿಸುತ್ತಿದ್ದ.

ತುದಿಗಳ ಕೆಲಸ ಮಿಸ್ತ್ರಿಯದು. ಆ ಕಾಲದ ಪದ್ಧತಿಯಂತೆ ತುದಿಗಳಿಗೆ ಗುಂಡಿನಾಕಾರದ ಪುಟ್ಟ ಹಿತ್ತಾಳೆಯ ಮೂತಿಗಳನ್ನು ಬೆಸುಗೆ ಹಾಕಿದ. ಬೆಸುಗೆಗೆ ರಾಳವನ್ನೇ ಬಳಸಬೇಕು. ಆಮ್ಲ ಬಳಸಿದರೆ ತಾಮ್ರ ಒಳಗೊಳಗೇ ಕಿಲುಬುಗಟ್ಟುತ್ತದೆ. ತಗಡಿನ ತೂತುಗಳಲ್ಲಿ ತಂತಿ ಹಾಯುವ ಕಡೆಯೆಲ್ಲ ಹೊಸ ರಬ್ಬರಿನ ಬಳೆ ಕೂರಿಸಿದ.

ಎಷ್ಟು ಹಳೆಯದು, ಎಷ್ಟು ಹೊಸದು?

ಈ ನಡುವೆ ನಮ್ಮಲ್ಲಿ ಒಂದು ಚರ್ಚೆ ನಡೆಯಿತು. ಮೂಲದಂತೆಯೇ ಇರಬೇಕೆಂದರೆ ಒಳಗೆ ರಬ್ಬರೇ ಇರಬೇಕಲ್ಲವೇ? ರಬ್ಬರು ಹಾಕಿದರೆ ಮುಂದೊಂದು ದಿನ ಮತ್ತೆ ಪುಡಿಯಾಗುತ್ತದೆ. ಪಿ.ವಿ.ಸಿ. ಹಾಕಿದರೆ ಅದು ಮೂಲದ್ದಲ್ಲ. ಹಳೆಯ ಕಾರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 1966ರಲ್ಲಿ ಸ್ಥಾಪನೆಯಾಯಿತು. ಅದು 2012ರಲ್ಲಿ ಟ್ಯೂರಿನ್ ಸನ್ನದು ಎಂಬ ನಿಯಮಾವಳಿಯನ್ನು ಅಂಗೀಕರಿಸಿತು. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ರಚಿತವಾದ ವೆನಿಸ್ ಸನ್ನದು ಅದಕ್ಕೆ ಮೇಲ್ಪಂಕ್ತಿ. ಅದರ ಆಶಯವನ್ನು ಸ್ಥೂಲವಾಗಿ ಹೇಳುವುದಾದರೆ: ಉಳಿಸಬಹುದಾದುದನ್ನು ಉಳಿಸಿ, ಬದಲಿಸಲೇಬೇಕಾದರೆ ಮತ್ತೆ ಮೊದಲಿನಂತೆ ಮಾಡಲು ಬರುವಂತೆ ಬದಲಿಸಿ, ಮಾಡಿದ್ದನ್ನು ಬರೆದಿಡಿ.

ನಮ್ಮ ಸರ್ಕಾರವೂ 2021ರ ಜುಲೈಯಲ್ಲಿ ಹಳೆಯ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಅವುಗಳ ಸಂಖ್ಯೆಯಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ನಿಯಮಗಳನ್ನು ಓದುವುದು ನಮ್ಮ ಕಸುಬಾದುದರಿಂದ ಇದನ್ನೂ ಓದಿ ರಾಯರಿಗೆ ತಿಳಿಸಿದೆವು. ದೊಡ್ಡ ಬದಲಾವಣೆ ಆಗಕೂಡದೆಂದು ಅದರಲ್ಲಿ ಹೇಳಿರುವುದು ಚಾಸಿಸ್, ಮೈಕಟ್ಟು, ಎಂಜಿನ್ ಇವುಗಳ ವಿಷಯದಲ್ಲಿ. ನೂಲಿನ ತಂತಿಯ ಮಾತು ಅಲ್ಲಿಲ್ಲ. ಅಂದರೆ ರಾಯರು ಇಷ್ಟೆಲ್ಲ ಮಾಡಬೇಕೆಂದು ಯಾವ ಕಾನೂನೂ ಕೇಳಿರಲಿಲ್ಲ.

ಕೊನೆಗೆ ಅವರು ಕಂಡುಕೊಂಡ ದಾರಿ ಹೀಗೆ: ಒಳಗೆ ಪಿ.ವಿ.ಸಿ., ಏಕೆಂದರೆ ಮಗು ಕೂರಬೇಕು. ಹೊರಗೆ ಹತ್ತಿಯ ನೂಲು, ಮೂಲದ ಬಣ್ಣ, ಮೂಲದ ದಾರಿ, ಏಕೆಂದರೆ ಮುಂದಿನವನು ಓದಬೇಕು. ಮುಂದೀಪಗಳಿಗೆ ಹಿಂದೆ ಇಲ್ಲದ ಒಂದು ಫ್ಯೂಸನ್ನು ಡ್ಯಾಷ್‌ಬೋರ್ಡಿನ ಹಿಂದೆ ಸೇರಿಸಿದರು. ಬೇಡವೆಂದವರು ತಿರುಪೊಂದನ್ನು ಬಿಚ್ಚಿ ತೆಗೆಯಬಹುದು. ಹಳೆಯ ಹಾರ್ನೆಸ್ಸನ್ನು ಎಸೆಯದೆ ಚೀಟಿಗಳ ಸಮೇತ ಪೆಟ್ಟಿಗೆಯಲ್ಲಿಟ್ಟರು. ಏನು ಬದಲಾಯಿತು, ಏಕೆ ಬದಲಾಯಿತು ಎಂಬ ಒಂದು ಪುಟದ ಟಿಪ್ಪಣಿಯನ್ನು ನಮ್ಮಿಂದ ಬರೆಸಿ, ತಾರೀಖು ಹಾಕಿಸಿ ಕಾರಿನಲ್ಲಿಯೇ ಇಟ್ಟಿದ್ದಾರೆ.

ಹತ್ತದ ದೀಪ

ಹತ್ತನೆಯ ಭಾನುವಾರ ಪರೀಕ್ಷೆ. ಹೊಸ ಜೋಡಣೆಗೆ ಬ್ಯಾಟರಿಯನ್ನು ನೇರವಾಗಿ ಸೇರಿಸಕೂಡದು. ಎಲ್ಲಿಯಾದರೂ ತಪ್ಪಿದ್ದರೆ ಹತ್ತು ವಾರದ ಕೆಲಸ ಒಂದು ಕ್ಷಣದಲ್ಲಿ ಸುಡುತ್ತದೆ. ಆದುದರಿಂದ ಬ್ಯಾಟರಿಗೂ ಕಾರಿನ ತಂತಿಗೂ ನಡುವೆ 21 ವಾಟಿನ ಒಂದು ಬಲ್ಬನ್ನು ಕೂರಿಸುತ್ತಾರೆ. ಎಲ್ಲ ಸ್ವಿಚ್ಚುಗಳೂ ಆರಿರುವಾಗ ಬಲ್ಬು ಹತ್ತಕೂಡದು. ಹತ್ತಿದರೆ ವಿದ್ಯುತ್ತು ಎಲ್ಲಿಯೋ ಸೋರುತ್ತಿದೆ ಎಂದರ್ಥ. ತಪ್ಪಿದ್ದರೂ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲವಾದುದರಿಂದ ತಂತಿ ಸುಡುವುದಿಲ್ಲ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿ ಗಾಡಿಯ ಮೈಗೆ ಸೇರುತ್ತದೆ, ಇಂದಿನವುಗಳಿಗೆ ತಿರುಗುಮುರುಗು. ಅದನ್ನೂ ಎರಡು ಸಲ ನೋಡಿಕೊಂಡು ಮಿಸ್ತ್ರಿ ತಂತಿ ಮುಟ್ಟಿಸಿದ.

ಬಲ್ಬು ಝಗ್ಗೆಂದು ಹತ್ತಿತು.

ಯಾರೂ ಮಾತಾಡಲಿಲ್ಲ. ರಾಯರ ಮನೆಯಾಕೆ ಬಾಗಿಲಲ್ಲಿಯೇ ನಿಂತಿದ್ದರು. ಮಿಸ್ತ್ರಿಯ ಜೊತೆಗೆ ಅವನ ಕೈಕೆಳಗೆ ಕಲಿಯುವ ಹುಡುಗನೊಬ್ಬ ಬರುತ್ತಿದ್ದ, ವಯಸ್ಸು ಹತ್ತೊಂಬತ್ತಿರಬಹುದು, ಇಂಥ ಕಾರನ್ನು ಈ ಕೆಲಸಕ್ಕೆ ಮುಂಚೆ ಕಂಡವನಲ್ಲ. ಅವನು ಹೇಳಿದ: "ಸ್ವಿಚ್ಚೆಲ್ಲ ಆರಿದೆ. ಬೀಗವೂ ತಿರುಗಿಸಿಲ್ಲ. ಹಾಗಾದರೆ ಬಿಳಿ, ಹಸಿರು, ನೀಲಿ, ಕೆಂಪು ಯಾವುದರಲ್ಲೂ ಕರೆಂಟಿಲ್ಲ. ತಪ್ಪಿರುವುದು ಕಂದು ತಂತಿಯಲ್ಲೇ ಇರಬೇಕು." ಟಾರ್ಚು ಹಿಡಿದು ಕಂದು ತಂತಿಗಳನ್ನಷ್ಟೇ ಹಿಂಬಾಲಿಸುತ್ತ ಹೋದ. ಐದು ನಿಮಿಷವಾಗಿರಲಿಲ್ಲ, ದೀಪದ ಸ್ವಿಚ್ಚಿನ ಹಿಂದೆ ಸಿಕ್ಕಿತು. ತಾಮ್ರದ ಎಳೆಗಳಲ್ಲಿ ಒಂದು ಬೆಸುಗೆಯಿಂದ ತಪ್ಪಿಸಿಕೊಂಡು, ಕೂದಲಿನಂತೆ ಹೊರಚಾಚಿ, ಪಕ್ಕದ ಲೋಹವನ್ನು ಮುಟ್ಟಿತ್ತು. ಅದನ್ನು ಕತ್ತರಿಸಿ, ಬೆಸುಗೆ ಸರಿಮಾಡಿ, ಮತ್ತೆ ತಂತಿ ಮುಟ್ಟಿಸಿದರು.

ಬಲ್ಬು ಹತ್ತಲಿಲ್ಲ. ದೀಪ ಹತ್ತಲಿಲ್ಲವೆಂದು ಇಷ್ಟು ಜನ ಸಂತೋಷಪಟ್ಟುದನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ಏಳು ಕೆಂಪು ತಂತಿಗಳ ನಡುವೆ ಅನುಭವಿಯಾದ ಮಿಸ್ತ್ರಿ ಅರ್ಧ ದಿನ ಹುಡುಕಿದ್ದನ್ನೂ, ಅದೇ ಜಾಗದಲ್ಲಿ ಅವನ ಶಿಷ್ಯ ಐದು ನಿಮಿಷದೊಳಗೆ ತಪ್ಪನ್ನು ಓದಿ ಹೇಳಿದ್ದನ್ನೂ ನಾವು ಕಣ್ಣಾರೆ ಕಂಡೆವು. ಹಳೆಯದನ್ನು ಹಳೆಯ ರೀತಿಯಲ್ಲಿ ಸರಿಪಡಿಸುವುದು ಬರಿಯ ಹುಚ್ಚು ಎಂದು ನಮಗೂ ಮೊದಲು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. 1951ರಲ್ಲಿ ಆ ಬಣ್ಣಗಳನ್ನು ಜೋಡಿಸಿದವರು ಮುಂಬಯಿಯ ಈ ಹುಡುಗನನ್ನು ಕಂಡವರಲ್ಲ. ಆದರೂ ಅವನಿಗೆ ಅರ್ಥವಾಗುವಂತೆ ಬರೆದಿಟ್ಟಿದ್ದರು. ಅದನ್ನು ಅಳಿಸದೆ ಮುಂದಕ್ಕೆ ದಾಟಿಸಿದುದಷ್ಟೇ ರಾಯರು ಮಾಡಿದ ಕೆಲಸ.

ಈ ಸಲದ ಗಣೇಶೋತ್ಸವದಲ್ಲಿ ರಾಯರ ಕಾರು ಮತ್ತೆ ಹೊರಟಿತು. ಹೊರಡುವ ಮುಂಚೆ ಅವರ ಮನೆಯಾಕೆ ತಾವೇ ಬಾಗಿ ಡ್ಯಾಷ್‌ಬೋರ್ಡಿನ ಕೆಳಗೆ ಮೂಸಿ ನೋಡಿದರು. ಹೊಸ ಲ್ಯಾಕರಿನ ವಾಸನೆಯ ಹೊರತು ಏನೂ ಇರಲಿಲ್ಲ. ಆಮೇಲೆ ಹಿಂದಿನ ಬಾಗಿಲನ್ನು ತೆರೆದು ಮೊಮ್ಮಗಳನ್ನು ಹತ್ತಿಸಿ, ಪಕ್ಕದಲ್ಲಿ ತಾವೂ ಕುಳಿತರು.